ಬೋವಾ ಹಾವಿನ ಹನ್ನೊಂದು ಮರಿಗಳು

ಇದನ್ನು ಬರೆಯಲೆಂದು ಎರಡು ಸಲ ನೋಟ್‌ಬುಕ್ ತೆರೆದು ಹಾಗೇ ಮುಚ್ಚಿಟ್ಟಿದ್ದೇನೆ. ಇನ್ನು ಮುಂದೂಡುವ ವಯಸ್ಸಲ್ಲ.

ಲಾಕ್‌ಡೌನ್ ಮುಗಿದ ಮರುವರ್ಷ ಬಸವನ ಬಾಗೇವಾಡಿಯ ಸಿದ್ದನಗೌಡರ ಮನೆಯಲ್ಲಿ ಹಾವು ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಅದಕ್ಕೂ ಮೊದಲು ಮೂವತ್ತು ವರ್ಷ ಇಂಡಿ, ಸಿಂದಗಿ ಸುತ್ತಮುತ್ತ ಮನೆ ಹೊಕ್ಕ ಹಾವು ಹಿಡಿದು ಹೊರಗೆ ಬಿಟ್ಟವನು ನಾನು. ಒಮ್ಮೆಯೂ ಕಚ್ಚಿಸಿಕೊಂಡಿಲ್ಲ. ಹಾವಿನ ವಿಷಯದಲ್ಲಿ ನನ್ನ ಮಾತೇ ಕೊನೆ ಎಂದು ಜನ ನಂಬಿದ್ದರು. ನಾನೂ ನಂಬಿದ್ದೆ.

ಗೌಡರು ಸಾಕಿದ್ದು ಸ್ಯಾಂಡ್ ಬೋವಾ. ಆಫ್ರಿಕಾ ಮೂಲದ, ವಿಷವಿಲ್ಲದ, ಕಾಗದಪತ್ರ ಮಾಡಿಸಿ ತಂದ ಒಂದು ಜೋಡಿ. ಈ ಹಾವು ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಗಾಜಿನ ಪೆಟ್ಟಿಗೆಯ ಒಂದು ತುದಿಗೆ ದೀಪದ ಶಾಖ, ಮೂವತ್ತೆರಡು ಡಿಗ್ರಿ. ಇನ್ನೊಂದು ತುದಿ ತಂಪು. ಹಾವು ತನಗೆ ಬೇಕಾದ ಕಡೆ ಸರಿದುಕೊಳ್ಳುತ್ತದೆ.

ಕೋಣೆ ಗುಡಿಸಿ ಒರೆಸಲು ಇಂಗಳೇಶ್ವರದಿಂದ ಒಬ್ಬ ಹೆಣ್ಣುಮಗಳು ಬಸ್ಸಿಗೆ ಬರುತ್ತಿದ್ದಳು. ಮನೆಯಲ್ಲಿ ಆಡು ಸಾಕಿದ್ದವಳು. ಆಗ ಆಕೆಗೆ ಐದು ತಿಂಗಳು.

ಹೆಣ್ಣು ಬೋವಾ ಇಲಿ ತಿನ್ನುವುದನ್ನು ಬಿಟ್ಟು ದೀಪದ ಕೆಳಗೇ ಬಿದ್ದುಕೊಳ್ಳತೊಡಗಿತು. ಅಜೀರ್ಣವಾಗಿದೆ, ದೀಪ ತೆಗೆಯೋಣ ಎಂದು ನಾನು ಗೌಡರಿಗೆ ಹೇಳುತ್ತಿದ್ದಾಗ ಆಕೆ ಕಸಬರಿಗೆ ನಿಲ್ಲಿಸಿದಳು.

"ದೀಪ ತೆಗಿಬ್ಯಾಡ್ರಿ ಕಾಕಾ. ಅದೂ ನನ್ನಂಗ ಬಸರ ಐತಿ. ನಮ್ಮ ಆಡೂ ಹಿಂಗ ಬೆಚ್ಚಗಿದ್ದಲ್ಲೇ ಮಕ್ಕೊಂತಾವು."

"ಇದು ಹಾವು ಐತಿ ಬೇ, ಆಡು ಅಲ್ಲ," ಎಂದೆ.

ಗೌಡರು ನಕ್ಕರು. "ಮೂವತ್ತು ವರ್ಷ ನೀ ಹಾವು ಹಿಡದಿ, ಈಕಿ ಕಸಬರಿಗಿ ಹಿಡದಾಳ. ಶಾಣ್ಯಾರು ಯಾರಪಾ?"

ದೀಪ ಉಳಿಯಿತು. ಆ ನಗು ನನ್ನನ್ನು ಚುಚ್ಚುತ್ತಲೇ ಇತ್ತು.

ಎರಡು ವಾರದ ನಂತರ ಹಾವಿನ ಕಣ್ಣು ಮಬ್ಬಾಗಿ ನೀಲಿಗಟ್ಟಿದವು. ಪೊರೆ ಬಿಡುವ ಮುಂಚೆ ಹಾವಿಗೆ ಹಾಗಾಗುತ್ತದೆ. ಗೌಡರಿಗೆ ಗೊತ್ತಿರಲಿಲ್ಲ. ನನಗೆ ಚೆನ್ನಾಗಿ ಗೊತ್ತಿತ್ತು. ಬಸುರಿ ನೋಡಿದರೆ ಹಾವು ಕುರುಡಾಗುತ್ತದೆ ಎಂದು ನಮ್ಮ ಕಡೆ ನಂಬುವವರಿದ್ದಾರೆ. ಗಾಬರಿಯಾದ ಗೌಡರಿಗೆ ನಾನು ಅದನ್ನೇ ಹೇಳಿದೆ.

"ಖರೇನ?" ಎಂದರು.

"ಮೂವತ್ತು ವರ್ಷದಾಗ ಭಾಳ ನೋಡೇನ್ರಿ."

ಅಂದೇ ಆಕೆಯನ್ನು ಬಿಡಿಸಿದರು. ಆಕೆ ಅಳಲಿಲ್ಲ. "ಕಾಕಾ, ನೀವೂ ಹಂಗ ಅಂತೀರೇನ್ರಿ?" ಎಂದಷ್ಟೇ ಕೇಳಿದಳು. ನಾನು ಪೆಟ್ಟಿಗೆಯ ಗಾಜು ಒರೆಸುತ್ತ ನಿಂತೆ.

ಒಂಬತ್ತು ದಿನಕ್ಕೆ ಹಾವು ಪೊರೆ ಬಿಟ್ಟಿತು, ಕಣ್ಣು ತಿಳಿಯಾದವು. "ಆಕಿ ಹೋದಳು, ಕಣ್ಣು ಬಂದ್ವು," ಎಂದರು ಗೌಡರು. ನಾನು ತಲೆಯಾಡಿಸಿದೆ. ಆ ಮಾತು ಇಂಗಳೇಶ್ವರವನ್ನೂ ಮುಟ್ಟಿ, ಆಕೆಯನ್ನು ಯಾರೂ ಮನೆಗೆಲಸಕ್ಕೆ ಕರೆಯದಂತಾಯಿತು.

ಮೂರೂವರೆ ತಿಂಗಳ ಮೇಲೆ ಒಂದು ಬೆಳಿಗ್ಗೆ ನೋಡಿದರೆ, ತೆಳ್ಳನೆಯ ಚೀಲ ಹರಿದುಕೊಂಡು ಹನ್ನೊಂದು ಮರಿಗಳು ಪೆಟ್ಟಿಗೆಯಲ್ಲಿ ಹಾಸಿದ್ದ ಹೊಟ್ಟಿನ ಮೇಲೆ ಹರಿದಾಡುತ್ತಿದ್ದವು. ಒಂದೊಂದೂ ಗೇಣುದ್ದ. ಒಂದನ್ನೂ ಕಳೆದುಕೊಳ್ಳದೆ ಬೆಳೆಸಿದೆ; ಆ ಕೆಲಸ ಚೆನ್ನಾಗಿ ಮಾಡಿದೆನೆಂದು ಇಂದಿಗೂ ಹೇಳುತ್ತೇನೆ. ಗೌಡರು ಪೇಢೆ ಹಂಚಿ ನನಗೆ ಶಾಲು ಹೊದಿಸಿದರು. ದೀಪ ಉಳಿಸಿದವಳು ಯಾರೆಂದು ಅವರು ನೆನೆಯಲಿಲ್ಲ, ನಾನೂ ನೆನಪಿಸಲಿಲ್ಲ.

ಎರಡು ತಿಂಗಳ ನಂತರ ಬಾಗೇವಾಡಿ ಬಸ್ ಸ್ಟ್ಯಾಂಡಿನಲ್ಲಿ ಆಕೆ ಸಿಕ್ಕಳು. ಮಡಿಲಲ್ಲಿ ಕೂಸಿತ್ತು.

"ಹಾವು ಹಡೀತೇನ್ರಿ ಕಾಕಾ?"

"ಹನ್ನೊಂದು."

"ಎಲ್ಲಾಕೂ ಕಣ್ಣು ಕಾಣ್ತಾವಲ್ರಿ?"

"ಕಾಣ್ತಾವು," ಎಂದೆ. ಅಷ್ಟರಲ್ಲಿ ಮುದ್ದೇಬಿಹಾಳದ ಬಸ್ ಬಂತು. ನನ್ನ ಬಸ್ಸಲ್ಲದಿದ್ದರೂ ಹತ್ತಿದೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ತಿಳಿಯದೆ ಆಡಿದ ತಪ್ಪು ಮಾತನ್ನು ಯಾರಾದರೂ ತಿದ್ದುತ್ತಾರೆ. ತಿಳಿದವನು ಹೇಳಿದ ಸುಳ್ಳನ್ನು ಜನ ಅನುಭವವೆಂದು ನಂಬುತ್ತಾರೆ. ಅದನ್ನು ಅವನೇ ಹೋಗಿ ಹಿಂತೆಗೆದುಕೊಳ್ಳಬೇಕು. ಇಂಗಳೇಶ್ವರ ದೂರವೇನಲ್ಲ. ನಾನು ಹೋಗಲಿಲ್ಲ.

ಆಕೆಯ ಹೆಸರು ಯಮನವ್ವ.