ಸುಮಿತ್ರವ್ವ ಹಿರಿಯ ರಾಣಿಯ ಪರ ಮಾತಾಡಿದ್ದು

ಸುಮಿತ್ರವ್ವ ಮೊದಲ ದಿನ ಗದಗಿನ ಕಾಲೇಜಿಗೆ ಹೋದಾಗ ಎಂ.ಎ. ತರಗತಿಯ ಹುಡುಗ ಹುಡುಗಿಯರೆಲ್ಲ ಎದ್ದು ನಿಂತು, “ನಮಸ್ಕಾರ್ರಿ ಮೇಡಂ” ಅಂದುಬಿಟ್ಟರು. ಆಕೆ ಗಾಬರಿಯಾಗಿ ಬಾಗಿಲಲ್ಲೇ ನಿಂತಳು.

“ಕುಂಡ್ರಿ, ಕುಂಡ್ರಿ. ನಾನೂ ನಿಮ್ಹಂಗ ಕಲಿಯಾಕ ಬಂದಾಕಿ” ಅಂದು, ಹಿಂದಿನ ಬೆಂಚಿನ ತುದಿಗೆ ಸೆರಗು ಸರಿಮಾಡಿಕೊಂಡು ಕೂತಳು. ತರಗತಿಯೇ ನಕ್ಕಿತು. ಆಕೆಯೂ ನಕ್ಕಳು. ಅಂದಿನಿಂದ ಎಲ್ಲರಿಗೂ ಆಕೆ ‘ಅಕ್ಕಾರು’ ಆದಳು.

ಆಕೆಗೆ ನಲವತ್ನಾಲ್ಕು ವರ್ಷ. ತವರು ಹಿರೇವಡ್ಡಟ್ಟಿ. ಪಿಯುಸಿ ಮುಗಿದ ಬೇಸಿಗೆಯಲ್ಲೇ ಶಿಗ್ಲಿಯ ಹುಚ್ಚೀರಪ್ಪನನ್ನು ಮದುವೆಯಾಗಿ ಬಂದಿದ್ದಳು. ಮಗ ವೀರು ಹೈಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಮನೆಯಲ್ಲೇ ಕೂತು ಓದಿ, ಅಂಚೆಯಲ್ಲಿ ಪಾಠ ತರಿಸಿಕೊಂಡು ಬಿ.ಎ. ಮುಗಿಸಿದಳು. ವೀರುವಿನ ಮದುವೆಯಾಗಿ, ಮುಂಡರಗಿಯ ಶೀತಲ್ ಸೊಸೆಯಾಗಿ ಬಂದು ಒಂದು ವರ್ಷ ಕಳೆದ ಮೇಲೆ, ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತ ಗಂಡನಿಗೆ ವಿಷಯ ಹೇಳಿದಳು.

ಹುಚ್ಚೀರಪ್ಪ ತುತ್ತು ಕೈಯಲ್ಲೇ ಹಿಡಿದು ಕೇಳಿದ: “ಏ, ಸೊಸಿ ಬಂದ ಮ್ಯಾಲ ಅತ್ತಿ ಕಾಲೇಜಿಗೆ ಹೋಗೂದು ಯಾವ ಊರಾಗರ ಐತೇನು?”

“ಇಲ್ಲಂದ್ರ ಶಿಗ್ಲ್ಯಾಗ ಸುರುವಾಗ್ಲಿ ಬಿಡ್ರಿ.”

ಹುಚ್ಚೀರಪ್ಪ ಹಿಡಿದಿದ್ದ ತುತ್ತು ಬಾಯಿಗಿಟ್ಟ. ಮುಂದಿನ ವಾರದಿಂದ ತಾನೇ ಬೈಕಿನಲ್ಲಿ ಆಕೆಯನ್ನು ಬಸ್ ಸ್ಟ್ಯಾಂಡಿಗೆ ಬಿಡತೊಡಗಿದ. ಅಲ್ಲಿಂದ ಲಕ್ಷ್ಮೇಶ್ವರ, ಲಕ್ಷ್ಮೇಶ್ವರದಿಂದ ಗದಗ.

ಆಕೆಗೆ ಎಲ್ಲಕ್ಕಿಂತ ಹಿಡಿಸಿದ್ದು ಹಳೆಯ ನಾಟಕಗಳ ಪಾಠ. ಪರೀಕ್ಷೆಗೆಂದು ಉಳಿದವರು ಗೈಡಿನಿಂದ ಪಾತ್ರಗಳ ಗುಣ ಬಾಯಿಪಾಠ ಮಾಡುತ್ತಿದ್ದರು: ರಾಜ ಧೀರ, ಮಂತ್ರಿ ಚತುರ, ವಿದೂಷಕ ತಿಂಡಿಪೋತ. ಸುಮಿತ್ರವ್ವನಿಗೆ ಅದು ಒಪ್ಪಿಗೆಯಾಗುತ್ತಿರಲಿಲ್ಲ. ಒಂದೇ ಮನೆಯಲ್ಲಿ ಇಪ್ಪತ್ತಾರು ವರ್ಷ ಬಾಳಿದ ಗಂಡನನ್ನೇ ಒಂದು ಶಬ್ದದಲ್ಲಿ ಹೇಳಲಾಗದು, ರಾಜನನ್ನು ಹೇಗೆ ಹೇಳುವುದು? ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಆಕೆ ಆ ಜನರ ಬಗ್ಗೆಯೇ ಯೋಚಿಸುತ್ತಿದ್ದಳು. ಅಂಕ ಮುಗಿದು ತೆರೆ ಬಿದ್ದ ಮೇಲೆ ಅವರು ಏನು ಮಾಡುತ್ತಾರೆ, ಊಟಕ್ಕೆ ಕೂತಾಗ ಯಾರ ಮುಖ ನೋಡುತ್ತಾರೆ?

ಒಂದು ದಿನ ನಾಟಕ ಕಲಿಸುವ ಹೊಸಮನಿ ಮೇಡಂ, ಪಾಠಕ್ಕಿದ್ದ ಒಂದು ನಾಟಕದ ಪಾತ್ರಗಳ ಹೆಸರನ್ನು ಚೀಟಿಗಳಲ್ಲಿ ಬರೆದು ತಂದರು. ಯಾರಿಗೆ ಯಾವ ಪಾತ್ರ ಬರುತ್ತದೋ ಅವರು ಅದರ ಪರವಾಗಿ ಹದಿನೈದು ನಿಮಿಷ ಮಾತಾಡಬೇಕು. ಸುಮಿತ್ರವ್ವ ಎತ್ತಿದ ಚೀಟಿಯಲ್ಲಿ ‘ಹಿರಿಯ ರಾಣಿ’ ಎಂದಿತ್ತು. ಪಕ್ಕದಲ್ಲಿ ಕೂತಿದ್ದ ಕೌಸರಳಿಗೆ ರಾಣಿಯ ಸೊಸೆಯ ಪಾತ್ರ ಬಂತು.

“ಅಕ್ಕಾರ, ನಿಮಗ ಖಳನಾಯಕಿನ ಬಂದ್ಲಲ್ರಿ!” ಅಂದಳು ಕೌಸರ.

ಕಥೆ ಇಷ್ಟೇ. ಯುದ್ಧಕ್ಕೆ ಹೋದ ರಾಜಕುಮಾರ, ಗಡಿಯ ಕೋಟೆಗೆ ಬಂದುಬಿಡು ಎಂದು ಹೆಂಡತಿಗೆ ಓಲೆ ಕಳಿಸುತ್ತಾನೆ. ಓಲೆ ಅತ್ತೆಯ ಕೈಗೆ ಸಿಗುತ್ತದೆ. ಹಿರಿಯ ರಾಣಿ ಅದನ್ನು ಬಚ್ಚಿಡುತ್ತಾಳೆ. ಗಂಡ ತನ್ನನ್ನು ಮರೆತನೆಂದು ನೊಂದ ಸೊಸೆ ತವರಿಗೆ ಹೊರಟುಹೋಗುತ್ತಾಳೆ. ಕೊನೆಯ ಅಂಕದಲ್ಲಿ ದೇವರ ಪೆಟ್ಟಿಗೆಯೊಳಗೆ ಓಲೆ ಸಿಕ್ಕು ಎಲ್ಲರೂ ಒಂದಾಗುತ್ತಾರೆ.

ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಶೀತಲ್ ಜೊತೆ ಒಣಮೆಣಸಿನಕಾಯಿ ತೊಟ್ಟು ಮುರಿಯುತ್ತ, ಸುಮಿತ್ರವ್ವ ನಾಟಕವನ್ನು ಗಟ್ಟಿಯಾಗಿ ಓದಿದಳು. ಹುಚ್ಚೀರಪ್ಪ ಕಟ್ಟೆಯ ಮೇಲೆ ಮಲಗಿದಂತೆ ಮಾಡಿ ಎಲ್ಲ ಕೇಳಿಸಿಕೊಂಡ. ಸಂಜೆಗೆ ಬಸ್ ಸ್ಟ್ಯಾಂಡಿನ ಶಫೀಕನ ಚಹಾದಂಗಡಿಗೂ ಸುದ್ದಿ ಮುಟ್ಟಿತು. ಮರುದಿನ ಬಸ್ಸಿಗೆ ಕಾಯುತ್ತಿದ್ದಾಗ ಶಫೀಕ ಅಂಗಡಿಯಿಂದಲೇ ಕೂಗಿದ: “ಅಕ್ಕಾರ, ಓಲಿ ಸಿಕ್ತೇನ್ರಿ? ಆ ಮುದುಕಿನ್ನ ಮಾತ್ರ ಬಿಡಬ್ಯಾಡ್ರಿ!” ಇಂಥ ಊರಿನಲ್ಲಿ ಆ ಮುದುಕಿಯ ಪರ ಏನು ಹೇಳುವುದು? ವಾರ ಕಳೆದರೂ ಆಕೆಗೆ ಒಂದು ಸಾಲೂ ಹೊಳೆಯಲಿಲ್ಲ.

ದಾರಿ ಸಿಕ್ಕಿದ್ದು ಶೀತಲ್‌ಳಿಂದ. ಪಾತ್ರೆ ತಿಕ್ಕುತ್ತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು: “ಅತ್ತಿ, ಆ ರಾಣಿ ಓಲಿ ಯಾಕ ಸುಡಲಿಲ್ರಿ?”

“ಅಂದ್ರ?”

“ಮುಂದನ ದೀಪ ಉರಿಯಾಕತ್ತಿತ್ತಲ್ರಿ. ಸುಟ್ಟಿದ್ರ ಮುಗೀತಿತ್ತು. ದೇವರ ಪೆಟಿಗ್ಯಾಗ ಇಟ್ಲು. ದಿನಾ ಆ ಪೆಟಿಗಿ ತಗದು ದೀಪಾ ಹಚ್ಚಾಕಿ ಯಾರು? ಸೊಸಿನ. ಮೊದಲನೇ ಅಂಕದಾಗ ನೀವ ಓದಿದ್ರಿ.”

ಸುಮಿತ್ರವ್ವ ಪುಸ್ತಕ ತಂದು ಹುಡುಕಿದಳು. ಖರೆ. ದೀಪ ಹಚ್ಚುವವಳು ಸೊಸೆಯೇ. ಓಲೆ ಬರಲಿಲ್ಲವೆಂದು ಮುನಿದು ಪೂಜೆ ಬಿಟ್ಟವಳೂ ಆಕೆಯೇ, ಎರಡನೆಯ ಅಂಕದಲ್ಲಿ, ಓಲೆ ಪೆಟ್ಟಿಗೆ ಸೇರಿದ ಮರುದಿನವೇ. ರಾಣಿಗೆ ಓಲೆ ಕೊಡಲು ಮನಸ್ಸಿಲ್ಲ, ಮುಚ್ಚಿಡಲೂ ಮನಸ್ಸಿಲ್ಲ. ಸಿಕ್ಕರೆ ತಾನಾಗಿಯೇ ಸಿಗಲಿ ಎಂದು ಸೊಸೆಯ ಕೈಗೆ ಎಟಕುವ ಕಡೆಯೇ ಇಟ್ಟಿದ್ದಾಳೆ ಮುದುಕಿ!

ಪುಸ್ತಕ ಮುಚ್ಚಿ ಸುಮಿತ್ರವ್ವ ಸೊಸೆಯ ಪಕ್ಕದಲ್ಲಿ ಕೂತಳು. ಆಮೇಲೆ ತಡವರಿಸುತ್ತ ಹೇಳಿದಳು: “ಶೀತಲ್, ನೀ ಬಂದ ವರ್ಷ ಪಂಚಮಿಗೆ ನಿಮ್ಮವ್ವ ಫೋನ್ ಮಾಡಿದ್ರು. ನಾಕ ದಿನ ಮೊದ್ಲ ಮಗಳನ್ನ ಕಳಸ್ರಿ ಅಂದಿದ್ರು. ನಾ ನಿನಗ ಹೇಳಲಿಲ್ಲ. ಆಮ್ಯಾಲ ಅವರಿಗೆ ಮರತೆ ಅಂದಿದ್ದೆ. ಮರತಿರಲಿಲ್ಲವ್ವ. ನೀ ಹ್ವಾದ್ರ ಮನಿ ಬಿಕೋ ಅಂತೈತಿ ಅನಿಸಿತ್ತು.”

ಶೀತಲ್ ಪಾತ್ರೆ ಕೆಳಗಿಟ್ಟು ನಗತೊಡಗಿದಳು. “ನನಗ ಆವಾಗನ ಗೊತ್ತಿತ್ರಿ. ಅವ್ವ ನಿಮಗ ಫೋನ್ ಹಚ್ಚೂಕಿಂತ ಮೊದ್ಲ ನನಗ ಹಚ್ಚಿದ್ಲು.”

“ಮತ್ತ ಸುಮ್ಮ ಯಾಕ ಇದ್ದಿ?”

“ನೀವ ಯಾವಾಗ ಹೇಳ್ತೀರಿ ನೋಡೂಣು ಅಂತ.”

ಸುಮಿತ್ರವ್ವನಿಗೆ ನಾಚಿಕೆಯೂ ಬಂತು, ನಗುವೂ ಬಂತು. ನಗುವೇ ಗೆದ್ದಿತು.

ಮಾತಾಡುವ ದಿನ ಆಕೆ ಆರು ಪುಟ ಗ್ರಾಂಥಿಕ ಕನ್ನಡದಲ್ಲಿ ಬರೆದುಕೊಂಡು ಹೋಗಿದ್ದಳು. ಎರಡು ಸಾಲು ಓದುವಷ್ಟರಲ್ಲಿ ನಾಲಿಗೆ ತೊಡರಿತು. ಹಾಳೆ ಪಕ್ಕಕ್ಕಿಟ್ಟು, ಅಂಗಳದಲ್ಲಿ ನೆರೆಯವರಿಗೆ ಹೇಳುವ ಹಾಗೆ ಶಿಗ್ಲಿಯ ಮಾತಿನಲ್ಲೇ ಶುರುಮಾಡಿದಳು. ಉರಿಯುವ ದೀಪ, ಸುಡದ ಓಲೆ, ಸೊಸೆ ದಿನಾ ತೆಗೆಯುವ ಪೆಟ್ಟಿಗೆ, ನಿಂತುಹೋದ ಪೂಜೆ. ತನ್ನ ಪಂಚಮಿಯ ಕಥೆಯನ್ನೂ ಮುಚ್ಚಿಡಲಿಲ್ಲ. ಮೊದಮೊದಲು ಕಿಸಕ್ಕೆಂದ ಹುಡುಗರು ಆಮೇಲೆ ಪುಟ ತಿರುವಿ ಎರಡನೆಯ ಅಂಕ ಹುಡುಕುತ್ತಿದ್ದರು.

ಕೌಸರ ಬಿಡಲಿಲ್ಲ. ಎದ್ದು ನಿಂತು ಕೇಳಿದಳು: “ಆದ್ರ ಅಕ್ಕಾರ, ಬಾಯಿ ಬಿಟ್ಟು ಒಂದ ಮಾತು ಹೇಳಬಹುದಿತ್ತಲ್ರಿ? ನನ್ನ ಪಾತ್ರ ಐದನೇ ಅಂಕದ ತನಕ ಯಾಕ ಅಳಬೇಕು?”

“ಹೇಳಬಹುದಿತ್ತವ್ವ. ತಪ್ಪು ಮಾಡ್ಯಾಳ, ಖರೆ. ಆದ್ರ ತಪ್ಪು ಮಾಡಿದವ್ರೆಲ್ಲ ಖಳರಾದ್ರ ನಮ್ಮ ಮನ್ಯಾಗ ಬೆಕ್ಕು ಒಂದ ಉಳೀತೈತಿ.”

ತರಗತಿ ಗೊಳ್ಳೆಂದಿತು. ಹೊಸಮನಿ ಮೇಡಂ ಕೂಡ ನಗುತ್ತಲೇ ಕನ್ನಡಕ ತೆಗೆದು ಒರೆಸಿಕೊಂಡರು. “ಹನ್ನೆರಡು ವರ್ಷದಿಂದ ಈ ನಾಟಕಾ ಕಲಸಾಕತ್ತೀನಿ. ದೀಪದ ಮಾತು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಯಾವ ಪುಸ್ತಕದಾಗ ಸಿಕ್ತು ನಿಮಗ?”

“ಪುಸ್ತಕದಾಗಲ್ರಿ. ನನ್ನ ಸೊಸಿ ತೋರಿಸಿದ್ಲು.”

“ಹಂಗಾದ್ರ ಇದನ್ನ ಪ್ರಬಂಧ ಮಾಡಿ ಬರದು ಕೊಡೂ ಮುಂದ ಅಡಿಟಿಪ್ಪಣಿಯೊಳಗ ಆಕಿ ಹೆಸರು ಬರೀಬೇಕು.”

ಸುಮಿತ್ರವ್ವ ಹಾಗೆಯೇ ಬರೆದಳು. ಟೈಪು ಮಾಡಿಸಿದ ಪ್ರಬಂಧವನ್ನು ಮನೆಗೆ ತಂದು ಮೂರನೆಯ ಪುಟ ತೆಗೆದು ಸೊಸೆಯ ಮುಂದೆ ಹಿಡಿದಳು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಶೀತಲ್, ಶಿಗ್ಲಿ, ಮೌಖಿಕವಾಗಿ ತಿಳಿಸಿದ್ದು’ ಎಂದಿತ್ತು. ಶೀತಲ್ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ಆ ಸಾಲನ್ನು ಎರಡು ಸಲ ಓದಿದಳು. “ಇಷ್ಟ ಸಣ್ಣ ಅಕ್ಷರದಾಗ ಯಾಕ ಹಾಕ್ಯಾರ್ರಿ?” ಎಂದು ಕೇಳಿದಳು. ಆಮೇಲೆ ಮೊಬೈಲಿನಲ್ಲಿ ಫೋಟೊ ತೆಗೆದು ತವರಿಗೆ ಕಳಿಸಿದಳು.

ಹುಚ್ಚೀರಪ್ಪ ಮಾತ್ರ ಇನ್ನೂ ಒಪ್ಪಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗುವಾಗ ಬೈಕಿನ ಮೇಲಿಂದಲೇ, “ಏನ ಅನ್ನು, ಓಲಿ ಕೊಟ್ಟಬಿಡಬೇಕಿತ್ತು ಆಕಿ” ಅನ್ನುತ್ತಾನೆ. ಹಿಂದೆ ಕೂತ ಸುಮಿತ್ರವ್ವ ಎರಡನೆಯ ಅಂಕದಿಂದ ಮತ್ತೆ ಶುರುಮಾಡುತ್ತಾಳೆ. ಮೊನ್ನೆ ಇಬ್ಬರ ವಾದ ಎಷ್ಟು ಜೋರಾಯಿತೆಂದರೆ, ಕಣ್ಣೆದುರೇ ಲಕ್ಷ್ಮೇಶ್ವರದ ಬಸ್ಸು ಹೊರಟುಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.