ಜಟ್ಟಪ್ಪ ಹೇಳಿದ್ದು, ನಾನು ಹೇಳಿದ್ದು

ಜಟ್ಟಪ್ಪ ನಾಯ್ಕ ಗುಡ್ಡದ ನೆತ್ತಿಯಲ್ಲಿ ನಿಂತು "ಹೋಯ್" ಎಂದರೆ, ಕೆಳಗೆ ಕಡಲಬಂಡೆಗಳಲ್ಲಿ ಚಿಪ್ಪು ಕೀಳುತ್ತಿದ್ದ ಹೆಂಗಸರಿಗೆ ಅಲೆಯ ಸದ್ದನ್ನೂ ಮೀರಿ ಕೇಳುತ್ತಿತ್ತು. ಅಂಥ ದನಿಯನ್ನು ನಾನು ಮತ್ತೆ ಕೇಳಿಲ್ಲ. ಅವನಿಗೆ ಸರ್ಕಾರದ ಕೆಲಸ ಸಿಕ್ಕಿದ್ದೂ ಆ ದನಿಯಿಂದಲೇ.

ಅದು ಎರಡನೆಯ ಮಹಾಯುದ್ಧದ ಕಾಲ. ಕುಮಟೆಗೂ ಹೊನ್ನಾವರಕ್ಕೂ ನಡುವೆ ಕಡಲಿಗೆ ಚಾಚಿಕೊಂಡಿದ್ದ ಬೋಳುಗುಡ್ಡವನ್ನು ತೋಪು ಹಾರಿಸಿ ಪರೀಕ್ಷೆ ಮಾಡಲೆಂದು ಸೈನ್ಯದವರು ತೆಗೆದುಕೊಂಡರು. ಮಾಮಲೇದಾರರ ಹುಕುಂ ಬಂದ ವಾರದೊಳಗೆ ಗುಡ್ಡದ ಬುಡದ ಮನೆಗಳವರು ಒನಕೆ, ಮಡಕೆ, ದನಕರು ಸಮೇತ ಹೊಳನಗದ್ದೆಯ ನೆಂಟರ ಮನೆಗಳಿಗೆ ಹೋದರು. ಅವರು ಬಿಟ್ಟ ಜಾಗದಲ್ಲಿ ಡೇರೆಗಳು, ತಗಡಿನ ಶೆಡ್ಡುಗಳು, ಒಂದು ದವಾಖಾನೆ, ಭಟ್ಕಳದವರೊಬ್ಬರ ಚಹಾದಂಗಡಿ ಎದ್ದವು. ಜನ ಅದನ್ನು ತೋಪಿನೂರು ಎಂದು ಕರೆದರು. ಆ ಊರಿನಲ್ಲಿ ಮೇಜರ್ ಸಾಹೇಬನ ಮಾತೇ ಕಾನೂನು. ಆ ಮಾತನ್ನು ಕನ್ನಡಕ್ಕೆ ತರಲು ಇದ್ದ ಕಾರಕೂನ ನಾನು.

ಹಳಬರಲ್ಲಿ ಅಲ್ಲೇ ಉಳಿಯಲು ಅಪ್ಪಣೆ ಸಿಕ್ಕಿದ್ದು ಜಟ್ಟಪ್ಪನಿಗೆ ಮಾತ್ರ. ತೋಪು ಹಾರುವ ದಿನ ಬೆಳಿಗ್ಗೆ ಗುಡ್ಡದ ಮೇಲೆ ಕೆಂಪು ಬಾವುಟ ಏರಿಸಬೇಕು, ಕೂಗಿ ದಡ ಖಾಲಿ ಮಾಡಿಸಬೇಕು. ಹೆಂಡತಿ ಸತ್ತಿದ್ದಳು, ಮಗಳನ್ನು ಭಟ್ಕಳಕ್ಕೆ ಕೊಟ್ಟಿದ್ದ. ಗುಡಿಸಲಿನ ಹಿಂದೆ ಹೆಂಡತಿ ಹಾಕಿದ್ದ ಬಸಳೆ ಚಪ್ಪರವಿತ್ತು. ಬಸಳೆ ಕೊಯ್ದ ದಿನ ನನಗೂ ಒಂದು ಕಟ್ಟು ತಂದುಕೊಡುತ್ತಿದ್ದ. "ತೋಪು ಬಿದ್ದ ಸದ್ದಿಗೆ ಹೆದರಿ ಜಾಸ್ತಿ ಚಿಗರ್ತದೆ ಕಾರ್ಕೂನ್ರೆ" ಎಂದು ಗಂಭೀರವಾಗಿ ಹೇಳುತ್ತಿದ್ದ.

ಅವನಿಗೆ ಓದಲು ಬರುತ್ತಿರಲಿಲ್ಲ. ಪ್ರತಿ ಶನಿವಾರ ನನ್ನ ಮೇಜಿನ ಮುಂದೆ ನಿಂತು ಮುಂದಿನ ವಾರದ ದಿನಗಳನ್ನು ಕೇಳಿಕೊಳ್ಳುತ್ತಿದ್ದ. ಒಮ್ಮೆ ಹೇಳಿದರೆ ಸಾಲದು. "ಇನ್ನೊಂದ್ಸಲ ಹೇಳಿ" ಎನ್ನುತ್ತಿದ್ದ. ಆಮೇಲೆ ತಾನೇ ಹೇಳಿ ಒಪ್ಪಿಸಿ, "ಆತು" ಎಂದು ಹೊರಡುತ್ತಿದ್ದ. ಎರಡು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ.

ತಪ್ಪಿದ್ದು ನಾನು. ಆ ಶನಿವಾರ ಇಡಗುಂಜಿಯಲ್ಲಿ ನನಗೆ ಹೆಣ್ಣು ನೋಡುವ ಶಾಸ್ತ್ರವಿತ್ತು. ಇದ್ದಿಲಿನಿಂದ ಓಡುವ ಬಸ್ಸು ರಸ್ತೆಯಲ್ಲಿ ಹೊಗೆ ಉಗುಳುತ್ತ ನಿಂತಿತ್ತು. ಸಾಹೇಬನ ಕಾಗದವನ್ನು ನಿಂತಲ್ಲೇ ನೋಡಿ, ಬುಧವಾರ ಎಂದು ಪ್ರಕಟಣೆ ಬರೆದು, ಜಟ್ಟಪ್ಪನಿಗೂ ಅದನ್ನೇ ಹೇಳಿದೆ.

"ಬುಧವಾರವಾ? ಮಂಗಳವಾರ ಅಲ್ದಾ? ಸಿಪಾಯಿಗಳು ಹಂಗೇ ಅಂತಿದ್ರು" ಎಂದ. "ಒಂದ್ಸಲ ನೋಡಿ ಹೇಳಿ ಕಾರ್ಕೂನ್ರೆ."

"ಓದೂಕೆ ಬರೂದು ನಂಗೋ ನಿಂಗೋ?" ಎಂದು ನಾನು ಛತ್ರಿ ತೆಗೆದುಕೊಂಡು ಓಡಿದೆ.

ಮಂಗಳವಾರ ಬೆಳಿಗ್ಗೆ ಗುಡ್ಡದ ಮೇಲೆ ಬಾವುಟವಿರಲಿಲ್ಲ. ಕಡಲು ಇಳಿದಿತ್ತು; ಹೆಂಗಸರು ಬಂಡೆಗಳ ಮೇಲಿದ್ದರು. ಮೊದಲ ಗುಂಡು ನೀರಿಗೆ ಬಿದ್ದಾಗ ಜಟ್ಟಪ್ಪ ಬಸಳೆಗೆ ನೀರು ಹಾಕುತ್ತಿದ್ದನಂತೆ. ಕೊಡ ಬಿಸಾಕಿ ಇಳಿಜಾರಿನಲ್ಲಿ ಕೂಗುತ್ತ ಓಡಿದ. ಒಬ್ಬೊಬ್ಬರನ್ನೇ ಎಳೆದು ಬಂಡೆಯ ಮರೆಗೆ ತಳ್ಳಿದ. ಮೂರನೆಯ ಗುಂಡು ದಡದಲ್ಲೇ ಒಡೆಯಿತು. ಜೀವವೇನೂ ಹೋಗಲಿಲ್ಲ. ನಾಗಿ ಎಂಬ ಹೆಂಗಸಿನ ಎರಡು ಬೆರಳು ಹೋದವು. ಜಟ್ಟಪ್ಪನ ಎಡಗಿವಿಯಿಂದ ರಕ್ತ ಬಂತು. ಆ ಕಿವಿ ಮತ್ತೆ ಕೇಳಲಿಲ್ಲ.

ಸುದ್ದಿ ಕೇಳಿದವನು ದವಾಖಾನೆಗೆ ಹೋಗಬೇಕಿತ್ತು. ನಾನು ಮೊದಲು ಹೋದದ್ದು ಚಹಾದಂಗಡಿಯ ಗೋಡೆಗೆ. ಅಲ್ಲಿ ಅಂಟಿಸಿದ್ದ ನನ್ನ ಬುಧವಾರದ ಪ್ರಕಟಣೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡೆ.

ಮರುದಿನ ಮೇಜರ್ ಸಾಹೇಬನ ಡೇರೆಯಲ್ಲಿ ವಿಚಾರಣೆ. ಜಟ್ಟಪ್ಪ ಕಿವಿಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದ. ಅಲ್ಲಿ ಎರಡೂ ಭಾಷೆ ಬಲ್ಲವನು ನಾನೊಬ್ಬನೇ. ಬಾವುಟ ಏಕೆ ಏರಿಸಲಿಲ್ಲವೆಂದು ಸಾಹೇಬ ಕೇಳಿದ. ನಾನು ಕನ್ನಡದಲ್ಲಿ ಕೇಳಿದೆ.

ಜಟ್ಟಪ್ಪ ನನ್ನ ಮುಖ ನೋಡಿದ. "ನಂಗೆ ಬುಧವಾರ ಅಂತ ಹೇಳಿದ್ರು. ಮಂಗಳವಾರ ಅಲ್ದಾ ಅಂತ ನಾ ಕೇಳ್ದೆ. ಅಲ್ಲ ಅಂದ್ರು." ಹೇಳಿದವರು ಯಾರೆಂದು ಅವನು ಬಾಯಿಬಿಡಲಿಲ್ಲ.

ನಾನು ಸಾಹೇಬನ ಕಡೆ ತಿರುಗಿ, ಇವನಿಗೆ ಮಂಗಳವಾರವೆಂದೇ ಹೇಳಲಾಗಿತ್ತು, ಬುಧವಾರವೆಂದು ತಪ್ಪಾಗಿ ನೆನಪಿಟ್ಟುಕೊಂಡೆ ಎನ್ನುತ್ತಾನೆ, ಎಂದು ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ದನಿ ನಡುಗಲಿಲ್ಲ. ಅದನ್ನು ನೆನೆದರೆ ಇಂದಿಗೂ ಹೇಸಿಗೆಯಾಗುತ್ತದೆ.

ಸಾಹೇಬ ಬರೆದುಕೊಂಡು, ಜಟ್ಟಪ್ಪ ಹೆಬ್ಬೆಟ್ಟು ಒತ್ತಬೇಕೆಂದ. ಮಸಿಯ ಡಬ್ಬಿ ಹಿಡಿದವನೂ ನಾನೇ. ಅವನು ಸ್ವಲ್ಪ ಹೊತ್ತು ಆ ಕಾಗದ ನೋಡಿದ. "ಒತ್ತೂದಾ?" ಎಂದು ಕೇಳಿದ. ನಾನು ತಲೆಯಾಡಿಸಿದೆ. ಒತ್ತಿದ.

ಕೆಲಸ ಹೋಯಿತು, ಗುಡಿಸಲನ್ನೂ ಬಿಡಬೇಕಾಯಿತು. ಅವನು ಗಂಟು ಹೊತ್ತು ಹೊರಡುವುದನ್ನು ಕಚೇರಿಯ ಕಿಟಕಿಯಿಂದ ನೋಡಿದೆ. ಹೊರಗೆ ಬರಲಿಲ್ಲ.

ಯುದ್ಧ ಮುಗಿದ ಮೇಲೆ ಡೇರೆ ಕಿತ್ತರು, ತಗಡು ಹರಾಜಾಯಿತು. ಹೋದವರಲ್ಲಿ ಹಲವರು ಮರಳಿದರು. ಜಟ್ಟಪ್ಪ ಬರಲಿಲ್ಲ. ಇಡಗುಂಜಿಯ ಆ ಹುಡುಗಿಯನ್ನೇ ನಾನು ಮದುವೆಯಾಗಿದ್ದೆ. ಅವಳಿಗೂ ಈ ವಿಷಯ ಹೇಳಿರಲಿಲ್ಲ.

ಎರಡು ಮಳೆಗಾಲ ಕಳೆದು ಹೊನ್ನಾವರದ ಧಕ್ಕೆಯಲ್ಲಿ ಅವನು ಸಿಕ್ಕಿದ. ಮಗಳ ಮನೆಗೆ ಹೋಗಲು ಹೊಳೆ ದಾಟುವ ದೋಣಿಗಾಗಿ ಕಾಯುತ್ತಿದ್ದ. ಗುರುತು ಹಿಡಿದು, ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಬಲಗಿವಿಯ ಕಡೆ ಕೂರಲು ಸನ್ನೆ ಮಾಡಿದ.

"ಜಟ್ಟಪ್ಪ, ಅವತ್ತು ಸಾಹೇಬನಿಗೆ ನೀನು ಹೇಳಿದ್ದನ್ನ ನಾನು ಹೇಳಲಿಲ್ಲ" ಎಂದೆ.

"ಗೊತ್ತಿತ್ತು" ಎಂದ. "ಎರಡು ವರ್ಷ ಸಾಹೇಬ್ರ ಸಂಗ್ತಿ ಇದ್ದವ್ನಿಗೆ ಅವರ ವಾರದ ಹೆಸ್ರು ತಿಳೀದಿಲ್ವಾ? ನೀವು ಟ್ಯೂಸ್‌ಡೇ ಅಂದದ್ದು ಒಂದು ಕಿವೀಲೇ ಕೇಳ್ತು."

"ಮತ್ತೆ ಅಲ್ಲೇ ಸುಳ್ಳು ಅಂತ ಯಾಕೆ ಹೇಳಲಿಲ್ಲ?"

ಅವನಿಗೆ ಸಿಟ್ಟಿರಲಿಲ್ಲ. ತಿಳಿಯದವನಿಗೆ ತಿಳಿಸುವವನಂತೆ ಹೇಳಿದ: "ಹೇಳಿದ್ರೆ ಸಾಹೇಬ್ರಿಗೆ ಅದನ್ನ ಹೇಳೂರು ಯಾರು? ನೀವೇ ಅಲ್ದಾ?"

ದೋಣಿ ಬಂತು. ನನಗೂ ಆಚೆ ದಡದಲ್ಲಿ ಕೆಲಸವಿತ್ತು, ಆದರೆ ಅವನೊಂದಿಗೆ ಹತ್ತಲಿಲ್ಲ. ಅವನು ಜನರ ನಡುವೆ ಕುಳಿತು, ಒಮ್ಮೆಯೂ ತಿರುಗಿ ನೋಡದೆ ಹೋದ. ನಾನು ಮುಂದಿನ ದೋಣಿಯವರೆಗೆ ಧಕ್ಕೆಯಲ್ಲೇ ಕುಳಿತಿದ್ದೆ.