ಕೊಟ್ಟಿಗೆಯ ಗೂಟದಲ್ಲಿ ಉಳಿದ ಸೀರೆ

ಮೊನ್ನೆ ತಿಳವಳ್ಳಿಯ ಮನೆಯಲ್ಲಿ ಟ್ರಂಕು ಖಾಲಿ ಮಾಡುವಾಗ ಅವ್ವನ ಹಸಿರು ಸೀರೆ ಸಿಕ್ಕಿತು. ಮೂಗಿಗೆ ಹಿಡಿದರೆ ಸಗಣಿ, ಹಿಂಡಿ, ಹಾಲು ಎಲ್ಲ ಕಲಸಿಕೊಂಡ ವಾಸನೆ... ಅವ್ವನದೋ, ಎಮ್ಮೆಯದೋ, ಅಪ್ಪನದೋ ತಿಳಿಯಲಿಲ್ಲ. ಆದರೆ ಮೊದಲು ನೆನಪಾದವರು ನಮ್ಮೂರ ದನದ ಡಾಕ್ಟರು.

ಅವ್ವ ತೀರಿಕೊಂಡ ಮೇಲೆ ಎಮ್ಮೆ ಹಾಲು ಬಿಡಲಿಲ್ಲ. ಅವ್ವನ ಹೊರತು ಯಾರಿಗೂ ಅದು ಕೆಚ್ಚಲು ಮುಟ್ಟಗೊಟ್ಟಿರಲಿಲ್ಲ. ಅಪ್ಪ ಹೋದರೆ ಒದೆಯುತ್ತಿತ್ತು, ಮೇವಿಗೂ ಬಾಯಿ ಹಾಕುತ್ತಿರಲಿಲ್ಲ. "ಹಾನಗಲ್ ಸಂತಿಗೆ ಹೊಡ್ಕೊಂಡು ಹೋಗಿ ಮಾರಿ ಬರ್ತೇನಿ" ಎಂದು ಅಪ್ಪ ಹಗ್ಗ ಬಿಚ್ಚಲು ನಿಂತ. ಅವ್ವ ಕರುವಿನಿಂದ ಸಾಕಿದ ಎಮ್ಮೆ ಅದು. ಅದೂ ಹೋದರೆ ಅವ್ವನದು ಅನ್ನುವ ಒಂದು ಜೀವವೂ ಮನೆಯಲ್ಲಿ ಉಳಿಯುವುದಿಲ್ಲವೆಂದು ನನಗೆ ಸಂಕಟ. ಓಡಿಹೋಗಿ ಡಾಕ್ಟರನ್ನು ಕರೆತಂದೆ.

ಜ್ವರ ನೋಡಿದರು, ಕೆಚ್ಚಲು ಮೆಲ್ಲಗೆ ಒತ್ತಿ ನೋಡಿದರು. ರೋಗವೇನೂ ಸಿಗಲಿಲ್ಲ. ಆಮೇಲೆ ದೂರ ಕಲ್ಲಿನ ಮೇಲೆ ಕುಳಿತು ಎಮ್ಮೆಯನ್ನೇ ನೋಡತೊಡಗಿದರು. ಸೂಜಿ ಮಾಡುವುದು ಬಿಟ್ಟು ಇವರೇನು ಮಾಡುತ್ತಿದ್ದಾರೆಂದು ನಾವು ಮುಖಮುಖ ನೋಡಿಕೊಂಡೆವು.

"ಹಿತ್ತಲ ಬಾಗಲಾನ ನೋಡಾಕತ್ತೈತಲ್ರಿ, ಯಾರ ಹಾದಿ ಕಾಯಾಕತ್ತೈತಿ?" ಎಂದರು.

ಅವ್ವ ಹಾಲಿನ ಪಾತ್ರೆ ಹಿಡಿದು ಬರುತ್ತಿದ್ದುದು ಆ ಬಾಗಿಲಿನಿಂದಲೇ ಎಂದೆ. ಅವರಿಗೆ ತಿಳಿಯಿತು, ಅವ್ವನ ಸೀರೆ ಕೇಳಿದರು. ಪದ್ಧತಿಯಂತೆ ಎಲ್ಲವನ್ನೂ ಕೊಟ್ಟುಬಿಟ್ಟಿದ್ದೆವು. ಹಾಲು ಹಿಂಡುವಾಗ ಉಡುತ್ತಿದ್ದ ಇದೊಂದು ಮಾತ್ರ ಕೊಟ್ಟಿಗೆಯ ಗೂಟದಲ್ಲಿ ಮರೆತು ಉಳಿದಿತ್ತು.

"ತೊಳೀಬ್ಯಾಡ್ರಿ. ಯಜಮಾನ್ರು ಇದನ್ನ ಸುತ್ಕೊಂಡು ಹಿಂಡಾಕ ಕುಂದ್ರಲಿ."

ಮೀಸೆ ಹೊತ್ತ ಅಪ್ಪ ಸೀರೆ ಉಡುವುದೇ? ಡಾಕ್ಟರ ಮೇಲೆ ಹರಿಹಾಯ್ದ. ಸಂಜೆ ಮಾತ್ರ ಕೊಟ್ಟಿಗೆಯ ಕದ ಓರೆ ಮಾಡಿ, ಸೀರೆ ಸುತ್ತಿಕೊಂಡು ಕುಳಿತ. ಎಮ್ಮೆ ಮೂಸಿತು, ಮತ್ತೆ ಮೂಸಿತು... ಚೊರ್ರೆಂದು ಹಾಲು ಪಾತ್ರೆಗೆ ಬಿತ್ತು. ನನಗೆ ನಗು ಬಂತೋ ಅಳು ಬಂತೋ ಹೇಳಲಾರೆ. ಎಮ್ಮೆಗೆ ಮೋಸ ಮಾಡಿದೆವೋ, ಸಮಾಧಾನ ಮಾಡಿದೆವೋ ಅದೂ ತಿಳಿಯಲಿಲ್ಲ.

ಸಂತೆಯ ಮಾತು ಮತ್ತೆ ಏಳಲಿಲ್ಲ. ಆದರೆ ಯಾರು ಕುಳಿತರೂ ಎಮ್ಮೆ ಹಾಲು ಕೊಡುವಂತಾದ ಮೇಲೂ ಅಪ್ಪ ಆ ಸೀರೆ ಬಿಡಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಡಾಕ್ಟರನ್ನು, ಎಮ್ಮೆಗೆ ಇನ್ನೆಷ್ಟು ದಿನ ಸೀರೆ ಬೇಕೆಂದು ಕೇಳಿದೆ.

"ಎಮ್ಮಿಗೆ ಬ್ಯಾಡಾಗಿ ಭಾಳ ದಿನ ಆತು" ಎಂದರು. "ಅಪ್ಪಾರನ್ನ ಏನೂ ಕೇಳಾಕ ಹೋಗಬ್ಯಾಡ್ರಿ."

ಹಾಗಾದರೆ ಅಂದು ಅವರು ಔಷಧ ಹೇಳಿದ್ದು ಯಾರಿಗೆ... ಕೇಳುವುದು ಉಳಿದೇಹೋಯಿತು. ಈಗ ಎಮ್ಮೆ ಇಲ್ಲ, ಅಪ್ಪನೂ ಇಲ್ಲ. ಡಾಕ್ಟರು ಹೋದ ವರ್ಷ ತೀರಿಕೊಂಡರಂತೆ. ಸೀರೆ ಹಿಡಿದು ನೀರಿನ ತೊಟ್ಟಿಯ ಹತ್ತಿರ ಹೋದವನು ಸುಮ್ಮನೆ ನಿಂತಿದ್ದೇನೆ. ತೊಳೆಯಬೇಡಿ ಎಂದವರು, ಎಲ್ಲಿಯವರೆಗೆ ಎಂದು ಹೇಳಿರಲಿಲ್ಲ.